ಕಾಯಿಲೆಗಿಂತ ಮೊದಲೇ ಕೇಳಿದ ಪ್ರಶ್ನೆ

"ವರ್ಷಗಟ್ಟಲೆ ನೈಟ್ ಡ್ಯೂಟಿ ಮಾಡಿದ್ರೆ ಶುಗರ್ ಬರುತ್ತಂತೆ, ನಿಜಾನಾ?"

ಯಾವ ಆಸ್ಪತ್ರೆಯ ನರ್ಸಿಂಗ್ ಸ್ಟೇಷನ್ನಿಗೆ ಹೋದರೂ ಈ ಪ್ರಶ್ನೆ ಒಂದಲ್ಲ ಒಂದು ದಿನ ಕಿವಿಗೆ ಬೀಳುತ್ತದೆ. ಉತ್ತರ ಕೊಡುವವರಿಗೂ ಕೊರತೆ ಇಲ್ಲ. ಒಬ್ಬರು "ನಮ್ಮ ಸೀನಿಯರ್ ಸಿಸ್ಟರಿಗೆ ಬಂತಲ್ಲ" ಅನ್ನುತ್ತಾರೆ. ಇನ್ನೊಬ್ಬರು "ನಾನು ಇಪ್ಪತ್ತು ವರ್ಷ ಮಾಡಿದ್ದೇನೆ, ನನಗೇನೂ ಆಗಿಲ್ಲ" ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಇಬ್ಬರ ಮಾತಿನಿಂದಲೂ ನಮಗೆ ಏನೂ ಗೊತ್ತಾಗುವುದಿಲ್ಲ.

ಹಾಗಾದರೆ ಗೊತ್ತುಮಾಡಿಕೊಳ್ಳುವುದು ಹೇಗೆ? ಸುಲಭದ ದಾರಿ, ಈಗಾಗಲೇ ಶುಗರ್ ಇರುವ ನರ್ಸ್‌ಗಳನ್ನು ಹುಡುಕಿ "ನೀವು ಎಷ್ಟು ವರ್ಷ ನೈಟ್ ಮಾಡಿದ್ದೀರಿ?" ಅಂತ ಕೇಳುವುದು. ಜೊತೆಗೆ ಶುಗರ್ ಇಲ್ಲದವರನ್ನೂ ಕೇಳಿ ಹೋಲಿಸುವುದು. ಕೆಲಸ ಬೇಗ ಮುಗಿಯುತ್ತದೆ. ಆದರೆ ಇಲ್ಲಿ ಒಂದು ಬಲೆ ಇದೆ. ಕಾಯಿಲೆ ಬಂದವರು ಆಗಲೇ ತಮ್ಮ ಜೀವನವನ್ನೆಲ್ಲ ಜಾಲಾಡಿರುತ್ತಾರೆ. ಯಾಕೆ ಬಂತು, ಏನು ತಿಂದೆ, ಎಲ್ಲಿ ತಪ್ಪಿದೆ ಅಂತ ಸಾವಿರ ಸಲ ಯೋಚಿಸಿರುತ್ತಾರೆ. ಅವರ ನೆನಪು ಬೇರೆ, ಆರಾಮಾಗಿರುವವರ ನೆನಪು ಬೇರೆ.

ಇನ್ನೊಂದು ದಾರಿ, ಇವತ್ತು ಕೆಲಸದಲ್ಲಿರುವ ಎಲ್ಲರನ್ನೂ ಒಂದೇ ಸಲ ಪರೀಕ್ಷೆ ಮಾಡುವುದು. ಆಗ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ಗೊತ್ತಾಗುವುದಿಲ್ಲ. ಶುಗರ್ ಬಂದ ಮೇಲೆ ಎಷ್ಟೋ ಜನ ಕೇಳಿಕೊಂಡು ಡೇ ಡ್ಯೂಟಿಗೆ ಬಂದಿರುತ್ತಾರೆ. ಲೆಕ್ಕ ಹಾಕಿದರೆ ಡೇ ಡ್ಯೂಟಿಯವರಲ್ಲೇ ಶುಗರ್ ಜಾಸ್ತಿ ಅಂತ ಬರುತ್ತದೆ!

ಮೂರನೆಯ ದಾರಿ ತುಂಬಾ ನಿಧಾನದ್ದು. ಕಾಯಿಲೆ ಇಲ್ಲದ ಒಂದು ದೊಡ್ಡ ಗುಂಪನ್ನು ಹಿಡಿಯಬೇಕು. ಯಾರು ನೈಟ್ ಮಾಡುತ್ತಾರೆ, ಯಾರು ಮಾಡುವುದಿಲ್ಲ ಅಂತ ಈಗಲೇ ಬರೆದಿಡಬೇಕು. ಆಮೇಲೆ ಹತ್ತು, ಇಪ್ಪತ್ತು ವರ್ಷ ಕಾಯಬೇಕು. ಯಾರಿಗೆ ಕಾಯಿಲೆ ಬಂತು ಅಂತ ನೋಡಿ ಎರಡು ಗುಂಪನ್ನು ಹೋಲಿಸಬೇಕು. ಇದೇ ಕೊಹಾರ್ಟ್ ಅಧ್ಯಯನ.

ಕೊಹಾರ್ಟ್ ಅನ್ನುವ ಪದಕ್ಕೆ ಗಾಬರಿ ಬೀಳಬೇಕಾಗಿಲ್ಲ. ನಾವು ದಿನಾ ಬಳಸುವ 'ಬ್ಯಾಚ್' ಅನ್ನುವ ಮಾತೇ ಸಾಕು. ಒಟ್ಟಿಗೆ ಹೊರಟ ಒಂದು ಬ್ಯಾಚ್, ಅದು ಮುಂದೆ ಏನಾಯಿತು ಅಂತ ನೋಡುವುದು ಅಷ್ಟೆ. ಇದರ ಜೀವ ಇರುವುದು ಕಾಲದ ಕ್ರಮದಲ್ಲಿ. ಉತ್ತರ ಬರೆಯುವಾಗ ಆ ನರ್ಸಿಗೆ ತನಗೆ ಮುಂದೆ ಏನಾಗುತ್ತದೆ ಅಂತ ಗೊತ್ತಿರುವುದಿಲ್ಲ. ಅಧ್ಯಯನ ಮಾಡುವವರಿಗೂ ಗೊತ್ತಿರುವುದಿಲ್ಲ.

ಅಂಚೆಯಲ್ಲಿ ಹೋದ ಪ್ರಶ್ನೆಗಳು

ಈ ಬಗೆಯ ಅಧ್ಯಯನಗಳಲ್ಲಿ ತುಂಬಾ ಹೆಸರಾದ ಒಂದು ನಡೆದದ್ದು ನರ್ಸ್‌ಗಳ ಮೇಲೇ. ಶುರುವಾದದ್ದು 1976ರಲ್ಲಿ, ಅಮೆರಿಕದ ಬಾಸ್ಟನ್ನಿನಲ್ಲಿ. ಹಾರ್ವರ್ಡಿನ ವೈದ್ಯ ಫ್ರಾಂಕ್ ಸ್ಪೈಜರ್ ಅವರಿಗೆ ಇದ್ದ ಪ್ರಶ್ನೆ ಗರ್ಭನಿರೋಧಕ ಮಾತ್ರೆಯದು. ಲಕ್ಷಾಂತರ ಹೆಂಗಸರು ವರ್ಷಗಟ್ಟಲೆ ನುಂಗುತ್ತಿದ್ದ ಮಾತ್ರೆಯಿಂದ ಮುಂದೆ ಸ್ತನ ಕ್ಯಾನ್ಸರ್ ಬರಬಹುದೇ? ಆಗ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ.

ನರ್ಸ್‌ಗಳೇ ಯಾಕೆ? ಕಾರಣ ಬಹಳ ವ್ಯಾವಹಾರಿಕ. ನೋಂದಾಯಿತ ನರ್ಸ್‌ಗಳ ಹೆಸರು, ವಿಳಾಸ ಆಯಾ ರಾಜ್ಯದ ಪಟ್ಟಿಯಲ್ಲಿ ಸಿಗುತ್ತಿತ್ತು. ಮಾತ್ರೆಯ ಹೆಸರು, ಕಾಯಿಲೆಯ ಹೆಸರು ಬರೆದು ಕೇಳಿದರೆ ಅವರಿಗೆ ಅರ್ಥವಾಗುತ್ತಿತ್ತು. ಬಿಪಿ ಇದೆಯಾ ಅಂದರೆ ಸುಮ್ನೆ ಅಂದಾಜಿನಲ್ಲಿ ಹೇಳುವವರಲ್ಲ. ಇನ್ನೊಂದು ಮಾತು ನಾನು ಸೇರಿಸುತ್ತೇನೆ: ದಿನಾ ಕೇಸ್ ಶೀಟ್ ತುಂಬುವವರಿಗೆ ಫಾರಂ ತುಂಬುವುದು ದೊಡ್ಡ ಕೆಲಸ ಅನ್ನಿಸುವುದಿಲ್ಲ.

11 ರಾಜ್ಯಗಳ, 30ರಿಂದ 55 ವರ್ಷದೊಳಗಿನ, ಮದುವೆಯಾದ ಸುಮಾರು 1,70,000 ನರ್ಸ್‌ಗಳಿಗೆ ಅಂಚೆಯಲ್ಲಿ ಪ್ರಶ್ನಾವಳಿ ಹೋಯಿತು. ಉತ್ತರ ಬರೆದವರು 1,21,700 ಮಂದಿ. ಆಮೇಲೆ ಎರಡು ವರ್ಷಕ್ಕೊಮ್ಮೆ ಹೊಸ ಲಕೋಟೆ ಹೋಗುತ್ತಲೇ ಇತ್ತು. ಸಿಗರೇಟು ಸೇದುತ್ತೀರಾ, ಎಷ್ಟು? ತೂಕ ಎಷ್ಟು? ಮುಟ್ಟು ನಿಂತಿತಾ? ಹೊಸದಾಗಿ ಯಾವ ಕಾಯಿಲೆ? 1980ರಲ್ಲಿ ಊಟದ ಪ್ರಶ್ನೆಗಳು ಸೇರಿದವು. 1982ರ ಹೊತ್ತಿಗೆ ಇನ್ನೂ ವಿಚಿತ್ರದ ಕೋರಿಕೆ ಹೋಯಿತು: ನಿಮ್ಮ ಕಾಲಿನ ಉಗುರು ಕತ್ತರಿಸಿ ಕಳಿಸಿ. ಸೆಲೆನಿಯಂನಂಥ ಖನಿಜ ಉಗುರಿನಲ್ಲಿ ತಿಂಗಳುಗಟ್ಟಲೆ ದಾಖಲಾಗಿರುತ್ತದೆ, ರಕ್ತದ ಹಾಗೆ ಫ್ರಿಜ್ಜಿನಲ್ಲಿ ಇಡುವ ತಾಪತ್ರಯ ಇಲ್ಲ. 60 ಸಾವಿರಕ್ಕೂ ಹೆಚ್ಚು ಜನ ಕಳಿಸಿಯೂ ಬಿಟ್ಟರು! 1989ರಲ್ಲಿ ಇನ್ನೂ ಚಿಕ್ಕ ವಯಸ್ಸಿನವರ ಎರಡನೆಯ ಬ್ಯಾಚ್ ಶುರುವಾಯಿತು, 2010ರಲ್ಲಿ ಮೂರನೆಯದು.

ಅಂಚೆಯಲ್ಲಿ ಬರೆದದ್ದನ್ನೆಲ್ಲ ನಂಬುವುದು ಹೇಗೆ ಅಂತ ನಿಮಗೆ ಅನ್ನಿಸಬಹುದು. ಅವರಿಗೂ ಅನ್ನಿಸಿತ್ತು. ಬಾಸ್ಟನ್ ಸುತ್ತಮುತ್ತಲಿನ 173 ನರ್ಸ್‌ಗಳಿಗೆ ಒಂದು ವರ್ಷದಲ್ಲಿ ನಾಲ್ಕು ಸಲ, ಪ್ರತಿ ಸಲ ಒಂದು ವಾರ, ತಿಂದದ್ದನ್ನೆಲ್ಲ ತೂಗಿ ಬರೆಯಲು ಹೇಳಿದರು. ಅದನ್ನು ಪ್ರಶ್ನಾವಳಿಯ ಉತ್ತರದ ಜೊತೆ ಇಟ್ಟು ನೋಡಿದರು. ಕೆಲವು ನರ್ಸ್‌ಗಳ ತೂಕವನ್ನು ತಾವೇ ಅಳೆದು ನೋಡಿದರು. ತೂಕದ ವಿಷಯದಲ್ಲಿ ಇಬ್ಬರ ಲೆಕ್ಕವೂ ಹೆಚ್ಚುಕಡಿಮೆ ಹೊಂದಿತು. ಊಟದ ವಿಷಯದಲ್ಲಿ ಅಷ್ಟು ಅಚ್ಚುಕಟ್ಟಾಗಿ ಹೊಂದಲಿಲ್ಲ, ಕೆಲಸಕ್ಕೆ ಬರುವಷ್ಟು ಹೊಂದಿತು. ಕ್ಯಾನ್ಸರ್, ಹೃದಯಾಘಾತ ಅಂತ ಬರೆದವರ ಅನುಮತಿ ಪಡೆದು ಆಸ್ಪತ್ರೆಯ ದಾಖಲೆಯನ್ನೇ ತರಿಸಿ ನೋಡುತ್ತಿದ್ದರು.

ಮೇಲೆ ಹೇಳಿದ ನೆನಪಿನ ಬಲೆ ಇದೆಯಲ್ಲ, ಅದು ಎಷ್ಟು ನಿಜ ಅನ್ನುವುದನ್ನೂ ಈ ನರ್ಸ್‌ಗಳೇ ತೋರಿಸಿದರು. ಸ್ತನ ಕ್ಯಾನ್ಸರ್ ಬಂದ ಕೆಲವರನ್ನು "ಕಾಯಿಲೆ ಬರುವ ಮೊದಲು ಏನು ತಿನ್ನುತ್ತಿದ್ದಿರಿ?" ಅಂತ ಮತ್ತೆ ಕೇಳಿದರು. ಆಗ ಕೊಟ್ಟ ಉತ್ತರ ನೋಡಿದರೆ, ಕೊಬ್ಬು ಜಾಸ್ತಿ ತಿಂದವರಿಗೇ ಕ್ಯಾನ್ಸರ್ ಬಂದಂತೆ ಕಾಣುತ್ತಿತ್ತು. ಅದೇ ಹೆಂಗಸರು ಕಾಯಿಲೆಗೆ ಮೊದಲು ಬರೆದಿಟ್ಟ ಉತ್ತರ ತೆಗೆದು ನೋಡಿದರೆ ಆ ಸಂಬಂಧವೇ ಇರಲಿಲ್ಲ. ಯಾರೂ ಬೇಕಂತ ಸುಳ್ಳು ಹೇಳಿರಲಿಲ್ಲ. ಕಾಯಿಲೆಯೇ ನೆನಪನ್ನು ತಿದ್ದಿತ್ತು.

ಇಷ್ಟು ವರ್ಷ ಕಾದದ್ದಕ್ಕೆ ಸಿಕ್ಕದ್ದು ಕಡಿಮೆಯೇನಲ್ಲ. ದಿನಕ್ಕೆ ಒಂದರಿಂದ ನಾಲ್ಕು ಸಿಗರೇಟು ಸೇದಿದರೂ ಹೆಂಗಸರ ಹೃದಯಕ್ಕೆ ಅಪಾಯ ಹೆಚ್ಚುತ್ತದೆ ಅಂತ 1987ರಲ್ಲಿ ಹೇಳಿದ್ದು ಇದೇ ಬ್ಯಾಚಿನ ಲೆಕ್ಕ. 1993ರಲ್ಲಿ ಟ್ರಾನ್ಸ್ ಕೊಬ್ಬಿಗೂ ಹೃದಯದ ಕಾಯಿಲೆಗೂ ನಂಟಿದೆ ಅಂತ ಹೇಳಿದ್ದೂ ಇದೇ. ಟ್ರಾನ್ಸ್ ಕೊಬ್ಬು ಅಂದರೆ ದೂರದ್ದೇನಲ್ಲ, ನಮ್ಮ ಬೇಕರಿಗಳಲ್ಲಿ ಬಳಸುತ್ತಿದ್ದ ವನಸ್ಪತಿಯಲ್ಲಿ ಇದ್ದದ್ದು. 2022ರಿಂದ ಭಾರತದಲ್ಲಿ ಎಣ್ಣೆ, ವನಸ್ಪತಿಯಲ್ಲಿ ಅದು ನೂರಕ್ಕೆ 2ಕ್ಕಿಂತ ಹೆಚ್ಚು ಇರುವ ಹಾಗಿಲ್ಲ.

ನೈಟ್ ಡ್ಯೂಟಿಯ ಲೆಕ್ಕ

ಈಗ ನಮ್ಮ ಪ್ರಶ್ನೆಗೆ ಬರೋಣ. 1988ರಲ್ಲಿ ಈ ನರ್ಸ್‌ಗಳಿಗೆ ಒಂದು ಪ್ರಶ್ನೆ ಹೋಯಿತು. ಡೇ ಡ್ಯೂಟಿಯ ಜೊತೆಗೆ ತಿಂಗಳಿಗೆ ಕನಿಷ್ಠ ಮೂರು ರಾತ್ರಿ ಕೆಲಸ ಮಾಡಿದ ವರ್ಷಗಳು ಒಟ್ಟು ಎಷ್ಟು? ಎರಡನೆಯ ಬ್ಯಾಚಿಗೂ ಇದನ್ನೇ ಕೇಳಿದರು. ಆಗ ಸಕ್ಕರೆ ಕಾಯಿಲೆ ಇಲ್ಲದ 1,77,000 ನರ್ಸ್‌ಗಳನ್ನು ಹೆಚ್ಚುಕಡಿಮೆ 20 ವರ್ಷ ಹಿಂಬಾಲಿಸಿದರು. 10,000ಕ್ಕೂ ಹೆಚ್ಚು ಜನರಿಗೆ ಟೈಪ್ 2 ಸಕ್ಕರೆ ಕಾಯಿಲೆ ಬಂತು. ಫಲಿತಾಂಶ ಹೊರಬಂದದ್ದು 2011ರಲ್ಲಿ.

ನೈಟ್ ಮಾಡದವರ ಅಪಾಯವನ್ನು 1 ಅಂತ ಇಟ್ಟುಕೊಂಡರೆ, ಒಂದೆರಡು ವರ್ಷ ಮಾಡಿದವರದು 1.05. ಮೂರರಿಂದ ಒಂಬತ್ತು ವರ್ಷಕ್ಕೆ 1.20. ಹತ್ತರಿಂದ ಹತ್ತೊಂಬತ್ತು ವರ್ಷಕ್ಕೆ 1.40. ಇಪ್ಪತ್ತು ದಾಟಿದವರಿಗೆ 1.58. ಮೆಟ್ಟಿಲು ಹತ್ತಿದ ಹಾಗೆ ಏರುತ್ತಿದೆ, ಅಲ್ವಾ? ಈ ಮೆಟ್ಟಿಲೇ ಮುಖ್ಯ. ಒಂದು ಸಂಖ್ಯೆ ಆಕಸ್ಮಿಕವಾಗಿ ಬರಬಹುದು. ವರ್ಷ ಹೆಚ್ಚಿದ ಹಾಗೆ ಅಪಾಯವೂ ಹೆಚ್ಚುತ್ತಾ ಹೋದರೆ ಅದನ್ನು ಆಕಸ್ಮಿಕ ಅಂತ ತಳ್ಳಿಹಾಕುವುದು ಕಷ್ಟ.

ಇಲ್ಲಿಗೇ ನಿಲ್ಲಿಸಿದರೆ ಪತ್ರಿಕೆಗೆ ಒಳ್ಳೆಯ ತಲೆಬರಹ ಸಿಗುತ್ತದೆ. ಆದರೆ ಜಾಣ ಓದುಗರು ಇಲ್ಲೇ ಅಡ್ಡ ಪ್ರಶ್ನೆ ಕೇಳುತ್ತಾರೆ. ನೈಟ್ ಮಾಡುವವರು ಬೇರೆ ರೀತಿಯಲ್ಲೂ ಬೇರೆಯವರಾಗಿರಬಹುದಲ್ಲ? ಸಿಗರೇಟು, ವ್ಯಾಯಾಮ, ಊಟ, ಮನೆಯಲ್ಲಿ ಯಾರಿಗಾದರೂ ಶುಗರ್? ಇಂಥದ್ದು ಹಿಂದಿನಿಂದ ಬಂದು ಲೆಕ್ಕ ಕೆಡಿಸುತ್ತದೆ. ಕಾಫಿ ಕುಡಿಯುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿ ಅಂತ ಕಂಡರೆ, ಒಂದು ಕೈಯಲ್ಲಿ ಕಾಫಿ ಇದ್ದಾಗ ಇನ್ನೊಂದು ಕೈಯಲ್ಲಿ ಏನಿತ್ತು ಅಂತ ನೋಡಬೇಕು. ಅದಕ್ಕೇ ಸಿಗರೇಟು ಸೇದುವವರನ್ನು ಸೇದುವವರ ಜೊತೆ, ಸೇದದವರನ್ನು ಸೇದದವರ ಜೊತೆ ಹೋಲಿಸಿ ಆಮೇಲೆ ಒಟ್ಟು ಲೆಕ್ಕ ಹಾಕುತ್ತಾರೆ. ಮೇಲಿನ ಸಂಖ್ಯೆಗಳು ಇಂಥ ಹಲವು ಅಂಶಗಳನ್ನು ಸರಿಹೊಂದಿಸಿದ ಮೇಲೆ ಬಂದವು.

ತೂಕವನ್ನೂ ಸರಿಹೊಂದಿಸಿದರೆ? 1.58 ಇದ್ದದ್ದು 1.24ಕ್ಕೆ ಇಳಿಯಿತು. "ನೋಡಿ, ನೈಟ್ ಡ್ಯೂಟಿಯ ತಪ್ಪೇನಿಲ್ಲ, ತೂಕದ್ದೇ ತಪ್ಪು" ಅನ್ನುವವರು ಇದ್ದಾರೆ. ನನಗೆ ಈ ವಾದ ಒಪ್ಪಿಗೆಯಿಲ್ಲ. ತೂಕ ಹೆಚ್ಚಿದ್ದು ಯಾಕೆ? ರಾತ್ರಿ ಎರಡು ಗಂಟೆಗೆ ಬಿಸ್ಕತ್ತು, ಹಗಲು ಮುರುಕು ನಿದ್ದೆ, ಊಟದ ಹೊತ್ತು ಏರುಪೇರು. ಈ ನರ್ಸ್‌ಗಳಲ್ಲಿ ನೈಟ್ ಮಾಡಿದ ವರ್ಷ ಹೆಚ್ಚಿದ ಹಾಗೆ ತೂಕವೂ ಏರಿತ್ತು. ಅಂದರೆ ತೂಕ ಹೊರಗಿನಿಂದ ಬಂದು ಲೆಕ್ಕ ಕೆಡಿಸಿದ್ದಲ್ಲ, ನೈಟ್ ಡ್ಯೂಟಿಯಿಂದ ಶುಗರಿಗೆ ಹೋಗುವ ದಾರಿಯಲ್ಲೇ ಸಿಗುವ ಊರು ಅದು. ಮೈಸೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಬಂದವರನ್ನು "ನೀವು ಬಂದದ್ದು ಮದ್ದೂರಿನಿಂದ" ಅಂದ ಹಾಗಾಯಿತು. ಯಾವುದನ್ನು ಸರಿಹೊಂದಿಸಬೇಕು, ಯಾವುದನ್ನು ಬಿಡಬೇಕು ಅನ್ನುವುದನ್ನು ಕಂಪ್ಯೂಟರ್ ಹೇಳುವುದಿಲ್ಲ. ಆ ಕೆಲಸ ಗೊತ್ತಿರುವವರೇ ಹೇಳಬೇಕು. ನರ್ಸ್‌ಗಳ ಬಗ್ಗೆ ಅಧ್ಯಯನ ಮಾಡುವ ತಂಡದಲ್ಲಿ ನೈಟ್ ಮಾಡಿದವರೊಬ್ಬರು ಇರಬೇಕು ಅನ್ನುವುದು ಇದಕ್ಕೇ.

ಇದರ ಜೊತೆಗೆ ಇನ್ನೊಂದು ಸೂಕ್ಷ್ಮ ಇದೆ. ನೈಟ್ ಡ್ಯೂಟಿ ಮೈಗೆ ಒಗ್ಗದವರು ನಾಲ್ಕೈದು ವರ್ಷದಲ್ಲೇ ಬಿಟ್ಟುಬಿಡುತ್ತಾರೆ. ಇಪ್ಪತ್ತು ವರ್ಷ ಉಳಿದವರು ಮೊದಲೇ ಗಟ್ಟಿ ಮೈಯವರು. ಹಾಗಾಗಿ ನಿಜವಾದ ಅಪಾಯ ಕಂಡದ್ದಕ್ಕಿಂತ ಹೆಚ್ಚೂ ಇರಬಹುದು.

ಸ್ತನ ಕ್ಯಾನ್ಸರಿನ ಕಥೆ ಇಷ್ಟು ಸರಾಗವಾಗಿಲ್ಲ. 30 ವರ್ಷ ಅಥವಾ ಹೆಚ್ಚು ನೈಟ್ ಮಾಡಿದವರಿಗೆ ಅಪಾಯ 1.36 ಅಂತ 2001ರಲ್ಲಿ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿ ಪಾಳಿಯನ್ನು 'ಬಹುಶಃ ಕ್ಯಾನ್ಸರ್ ತರಬಲ್ಲದ್ದು' ಅನ್ನುವ ಗುಂಪಿಗೆ ಸೇರಿಸಿತು. ಆದರೆ ಅದೇ ಮೊದಲ ಬ್ಯಾಚನ್ನು ಇನ್ನೂ ಮುಂದಕ್ಕೆ ಹಿಂಬಾಲಿಸಿದಾಗ, ನಿವೃತ್ತಿಯ ಮೇಲೆ ಆ ವ್ಯತ್ಯಾಸ ಮಾಯವಾಗಿತ್ತು. ಚಿಕ್ಕ ವಯಸ್ಸಿನಲ್ಲಿ ದೀರ್ಘ ಕಾಲ ನೈಟ್ ಮಾಡಿದ ಎರಡನೆಯ ಬ್ಯಾಚಿನವರಲ್ಲಿ ಮಾತ್ರ ಉಳಿದಿತ್ತು. ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ ಕಾಣಲೇ ಇಲ್ಲ. 'ಬಹುಶಃ' ಅನ್ನುವ ಪದವನ್ನು ಅಲ್ಲೇ ಬಿಡುವುದು ಒಳ್ಳೆಯದು.

ಎಡವಿದ್ದು ಎಲ್ಲಿ

ಇದೇ ನರ್ಸ್‌ಗಳ ಅಧ್ಯಯನ ಒಮ್ಮೆ ಜಗತ್ತನ್ನೇ ದಾರಿ ತಪ್ಪಿಸಿತು ಅನ್ನುವ ಆರೋಪವೂ ಇದೆ. ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವವರಿಗೆ ಹೃದಯದ ಕಾಯಿಲೆ ಅರ್ಧಕ್ಕೂ ಕಡಿಮೆ ಅಂತ 1985ರಲ್ಲಿ ಇವರ ಲೆಕ್ಕ ಹೇಳಿತು. ತಮಾಷೆ ನೋಡಿ, ಅದೇ ವೈದ್ಯಕೀಯ ಪತ್ರಿಕೆಯ ಅದೇ ಸಂಚಿಕೆಯಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಅಧ್ಯಯನ ಇದಕ್ಕೆ ಉಲ್ಟಾ ಹೇಳಿತ್ತು. 1948ರಲ್ಲಿ ಶುರುವಾದ ಆ ಊರಿನ ಬ್ಯಾಚ್ ಬಿಪಿ, ಕೊಲೆಸ್ಟರಾಲ್, ಸಿಗರೇಟು ಹೃದಯಕ್ಕೆ ಅಪಾಯ ಅಂತ ತೋರಿಸಿಕೊಟ್ಟಿತ್ತು. ಆದರೂ ಆಗ ಹೆಚ್ಚು ಜನ ಕಿವಿಗೊಟ್ಟದ್ದು ನರ್ಸ್‌ಗಳ ಲೆಕ್ಕಕ್ಕೆ.

2002ರಲ್ಲಿ ಚೀಟಿ ಎತ್ತಿದ ಹಾಗೆ ಹೆಂಗಸರನ್ನು ಎರಡು ಗುಂಪು ಮಾಡಿ, ಅರ್ಧ ಜನರಿಗೆ ಹಾರ್ಮೋನ್ ಮಾತ್ರೆ, ಅರ್ಧ ಜನರಿಗೆ ಹುಸಿ ಮಾತ್ರೆ ಕೊಟ್ಟ ಪ್ರಯೋಗದ ಫಲಿತಾಂಶ ಬಂತು. 16,608 ಹೆಂಗಸರು. ಹೃದಯದ ಕಾಯಿಲೆ ಕಡಿಮೆಯಾಗಿರಲಿಲ್ಲ, ನೂರಕ್ಕೆ 29ರಷ್ಟು ಹೆಚ್ಚಿತ್ತು. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು.

ಹಾಗಾದರೆ ನರ್ಸ್‌ಗಳ ಲೆಕ್ಕ ತಪ್ಪಿದ್ದು ಯಾಕೆ? ಮೊದಲ ಅನುಮಾನ, ಹಾರ್ಮೋನ್ ಮಾತ್ರೆ ಬಯಸಿ ತೆಗೆದುಕೊಳ್ಳುವ ಹೆಂಗಸರು ಮೊದಲೇ ಆರೋಗ್ಯದ ಬಗ್ಗೆ ಕಾಳಜಿ ಇರುವವರು. ಕೊಹಾರ್ಟ್ ಅಧ್ಯಯನದಲ್ಲಿ ಯಾರು ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ಅವರವರೇ ಆರಿಸಿಕೊಳ್ಳುತ್ತಾರೆ. ಇದು ಅದರ ಹುಟ್ಟು ದೌರ್ಬಲ್ಯ. ಆದರೆ ಆಮೇಲೆ ಅದೇ ನರ್ಸ್‌ಗಳ ದಾಖಲೆಯನ್ನು ಪ್ರಯೋಗದ ಮಾದರಿಯಲ್ಲೇ ಜೋಡಿಸಿ ಲೆಕ್ಕ ಹಾಕಿದಾಗ ಬೇರೆ ಸಂಗತಿ ಕಂಡಿತು. ನರ್ಸ್‌ಗಳು ಸಾಮಾನ್ಯವಾಗಿ ಮುಟ್ಟು ನಿಂತ ಹೊಸದರಲ್ಲೇ ಮಾತ್ರೆ ಶುರುಮಾಡಿದ್ದರು. ಪ್ರಯೋಗಕ್ಕೆ ಸೇರಿದವರ ಸರಾಸರಿ ವಯಸ್ಸು 63. ಮಾತ್ರೆ ಶುರುಮಾಡಿದ ಮೊದಲ ವರ್ಷದಲ್ಲೇ ತೊಂದರೆಯಾದವರು ಹಳೆಯ ಲೆಕ್ಕದಲ್ಲಿ ಸರಿಯಾಗಿ ಸಿಕ್ಕಿರಲಿಲ್ಲ. ಇದನ್ನೆಲ್ಲ ಸರಿಮಾಡಿದರೆ ಎರಡೂ ಉತ್ತರಗಳು ಹತ್ತಿರ ಬಂದವು. ದಾಖಲೆ ಸುಳ್ಳಾಡಿರಲಿಲ್ಲ, ಕೇಳಿದ ರೀತಿ ತಪ್ಪಾಗಿತ್ತು.

ಆ 'ನೂರಕ್ಕೆ 29' ಅನ್ನುವ ಸಂಖ್ಯೆಯನ್ನೂ ಸ್ವಲ್ಪ ನೋಡಿ. ಹುಸಿ ಮಾತ್ರೆ ತೆಗೆದುಕೊಂಡ 10,000 ಹೆಂಗಸರಲ್ಲಿ ವರ್ಷಕ್ಕೆ 30 ಜನರಿಗೆ ಹೃದಯದ ತೊಂದರೆ ಬಂತು. ಹಾರ್ಮೋನ್ ತೆಗೆದುಕೊಂಡವರಲ್ಲಿ 37. ಅಂದರೆ ಹತ್ತು ಸಾವಿರಕ್ಕೆ ಏಳು ಜನ ಜಾಸ್ತಿ. ಎರಡೂ ನಿಜವೇ. ಒಂದನ್ನು ಓದಿದರೆ ಎದೆ ಡವಡವ ಅನ್ನುತ್ತದೆ, ಇನ್ನೊಂದನ್ನು ಓದಿದರೆ ಅಷ್ಟಿಲ್ಲ. ಯಾರಾದರೂ 'ಅಪಾಯ ಒಂದೂವರೆ ಪಟ್ಟು' ಅಂದರೆ ಮೊದಲು ಕೇಳಬೇಕಾದದ್ದು: ಎಷ್ಟರ ಒಂದೂವರೆ ಪಟ್ಟು?

ಎಲ್ಲ ಕೊಹಾರ್ಟ್‌ಗಳೂ ಇಷ್ಟು ದೊಡ್ಡವಾಗಿರಬೇಕಾಗಿಲ್ಲ. ಒಂದು ವಾರ್ಡು, ಎರಡು ವಾರ ಸಾಕು. ಅಡ್ಮಿಟ್ ಆದ ದಿನ ರೋಗಿಯ ಚರ್ಮ, ಓಡಾಟ, ಊಟ, ಒದ್ದೆತನ ನೋಡಿ ಬರೆದಿಟ್ಟು, ಯಾರಿಗೆ ಬೆಡ್ ಸೋರ್ (ಮಲಗಿದಲ್ಲೇ ಮಲಗಿ ಆಗುವ ಹುಣ್ಣು) ಆಗುತ್ತದೆ ಅಂತ ದಿನಾ ನೋಡುವುದೂ ಕೊಹಾರ್ಟೇ. ಆ ಹುಣ್ಣಿನ ಅಪಾಯವನ್ನು ಅಂಕ ಕೊಟ್ಟು ಅಳೆಯುವ, ನರ್ಸಿಂಗ್ ವಿದ್ಯಾರ್ಥಿಗಳು ಓದುವ ಬ್ರೇಡನ್ ಸ್ಕೇಲ್ ಇಂಥ ಕೆಲಸದಲ್ಲೇ ಪಳಗಿದ್ದು. ಅದನ್ನು ರೂಪಿಸಿದವರೂ ನರ್ಸ್‌ಗಳೇ, 1987ರಲ್ಲಿ ಪ್ರಕಟವಾಯಿತು. ಒಟ್ಟು ಅಂಕ 23, 18 ಅಥವಾ ಕಡಿಮೆ ಬಂದರೆ ಎಚ್ಚರ. ಇಲ್ಲೊಂದು ಮೋಜಿನ ತೊಡಕಿದೆ. ಅಂಕ ಕಡಿಮೆ ಬಂದ ಅಜ್ಜಿಯನ್ನು ಸಿಸ್ಟರ್ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿ ಮಲಗಿಸುತ್ತಾರೆ. ಹುಣ್ಣು ಆಗುವುದಿಲ್ಲ. ಕೊನೆಗೆ ಲೆಕ್ಕ ಹಾಕುವವರು "ಈ ಸ್ಕೇಲ್ ಸರಿಯಿಲ್ಲ, ಅಪಾಯ ಅಂದವರಿಗೆ ಹುಣ್ಣೇ ಆಗಲಿಲ್ಲ" ಅನ್ನುತ್ತಾರೆ! ಮಾಡಿದ ಕೆಲಸವನ್ನು ದಾಖಲೆಯಲ್ಲಿ ಬರೆಯದಿದ್ದರೆ ಒಳ್ಳೆಯ ನರ್ಸಿಂಗೇ ಲೆಕ್ಕವನ್ನು ಕೆಡಿಸುತ್ತದೆ.

ಮೈಸೂರಿನ ರಿಜಿಸ್ಟರು

ಅಮೆರಿಕದ ಆ ನರ್ಸ್‌ಗಳಲ್ಲಿ ಬಹುಪಾಲು ಬಿಳಿಯರು. ನಮ್ಮವರಿಗೆ ಅಷ್ಟು ತೂಕ ಇಲ್ಲದೆಯೂ, ಚಿಕ್ಕ ವಯಸ್ಸಿಗೇ ಶುಗರ್ ಬರುತ್ತದೆ. ಅಲ್ಲಿಯ ಸಂಖ್ಯೆಯನ್ನು ಹಾಗೇ ಇಲ್ಲಿಗೆ ತಂದು ಅಂಟಿಸಲು ಆಗುವುದಿಲ್ಲ. ಇಲ್ಲಿಯದೇ ಬ್ಯಾಚ್ ಬೇಕು. ಅಂಥದ್ದೊಂದು ಮೈಸೂರಿನಲ್ಲಿದೆ, ನರ್ಸ್‌ಗಳದ್ದಲ್ಲ, ಅಲ್ಲಿ ಹುಟ್ಟಿದ ಮಕ್ಕಳದ್ದು.

ಊರಿನವರು ಮಿಷನ್ ಆಸ್ಪತ್ರೆ ಅನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ದಾಖಲೆ ಉಳಿದಿತ್ತು. ಬರೆದವರಿಗೆ ಅದೊಂದು ಸಂಶೋಧನೆ ಅನ್ನುವ ಕಲ್ಪನೆ ಇರಲಾರದು. 1990ರ ದಶಕದಲ್ಲಿ ಬ್ರಿಟನ್ನಿನ ಸೌತಾಂಪ್ಟನ್ ಮತ್ತು ಮೈಸೂರಿನ ಸಂಶೋಧಕರು ಆಸ್ಪತ್ರೆಯ ಸುತ್ತಮುತ್ತ ಮನೆ ಮನೆಗೆ ಹೋಗಿ, ಅಲ್ಲಿ ಹುಟ್ಟಿದವರನ್ನು ಹುಡುಕಿ, ಹಳೆಯ ದಾಖಲೆಯ ಜೊತೆ ಜೋಡಿಸಿದರು. ಮುಂದಕ್ಕೆ ಕಾಯುವ ಬದಲು ಹಿಂದಿನವರು ಬರೆದದ್ದನ್ನು ಬಳಸಿಕೊಂಡರು. ಕಾಲದ ಕ್ರಮ ಕೆಡಲಿಲ್ಲ, ಯಾಕೆಂದರೆ ಬರೆದದ್ದು ಕಾಯಿಲೆಗಿಂತ ಎಷ್ಟೋ ಮೊದಲು.

ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ದೊಡ್ಡವರಾದ ಮೇಲೆ ಹೃದಯದ ಕಾಯಿಲೆ ಹೆಚ್ಚು ಅಂತ 1996ರಲ್ಲಿ ಗೊತ್ತಾಯಿತು. ಇಂಗ್ಲೆಂಡಿನಲ್ಲಿ ಕಂಡದ್ದೂ ಇದೇ. ಆದರೆ ಶುಗರ್ ವಿಷಯದಲ್ಲಿ ಮೈಸೂರು ಬೇರೆಯೇ ಹೇಳಿತು. ಅಲ್ಲಿ ಸಣ್ಣಗೆ ಹುಟ್ಟಿದವರಿಗೆ ಶುಗರ್ ಹೆಚ್ಚು. ಇಲ್ಲಿ, ಉದ್ದ ಕಡಿಮೆ ಇದ್ದು ಗುಂಡುಗುಂಡಾಗಿ ಹುಟ್ಟಿದವರಿಗೆ, ತಾಯಿಯ ತೂಕ ಹೆಚ್ಚಿದ್ದವರಿಗೆ. ಆ ತಾಯಂದಿರಿಗೆ ಬಸುರಿನಲ್ಲಿ ಶುಗರ್ ಇತ್ತೇ? ಹಳೆಯ ರಿಜಿಸ್ಟರಿನಲ್ಲಿ ಆ ಕಾಲಮ್ಮೇ ಇರಲಿಲ್ಲ.

ಅದಕ್ಕೇ 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಹೊಸ ಬ್ಯಾಚ್ ಶುರುವಾಯಿತು. 800ಕ್ಕೂ ಹೆಚ್ಚು ಬಸುರಿಯರಿಗೆ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷೆ ಮಾಡಿದರು. ನೂರಕ್ಕೆ ಸುಮಾರು 6 ಜನರಿಗೆ ಬಸುರಿನ ಶುಗರ್ ಇತ್ತು. ಐದು ವರ್ಷವಾದ ಮೇಲೆ ನೋಡಿದರೆ ಅವರ ಹೆಣ್ಣುಮಕ್ಕಳ ಮೈಯಲ್ಲಿ ಕೊಬ್ಬು, ರಕ್ತದಲ್ಲಿ ಇನ್ಸುಲಿನ್ ಆಗಲೇ ಹೆಚ್ಚಾಗಿತ್ತು. ತಾಯಂದಿರ ಕಥೆ ಇನ್ನೂ ಗಂಭೀರ. ಬಸುರಿನಲ್ಲಿ ಶುಗರ್ ಇದ್ದವರಲ್ಲಿ ನೂರಕ್ಕೆ 37 ಜನರಿಗೆ ಐದು ವರ್ಷದೊಳಗೆ ಸಕ್ಕರೆ ಕಾಯಿಲೆ ಬಂದಿತ್ತು. ಇಲ್ಲದವರಲ್ಲಿ ನೂರಕ್ಕೆ 2. ಬಸುರಿನ ಶುಗರ್ ಇದ್ದ ತಾಯಂದಿರ ಸಂಖ್ಯೆ ಚಿಕ್ಕದು ನಿಜ, ಆದರೆ ಇಷ್ಟು ದೊಡ್ಡ ಅಂತರಕ್ಕೆ ಅದನ್ನೇ ನೆಪ ಮಾಡುವ ಹಾಗಿಲ್ಲ.

ನಮ್ಮಲ್ಲಿ ಹೆರಿಗೆ ಆದ ಕೂಡಲೇ ಎಲ್ಲರ ಕಣ್ಣು ಮಗುವಿನ ಮೇಲೆ ಹೋಗುತ್ತದೆ. ಬಸುರಿನಲ್ಲಿ ಶುಗರ್ ಇದ್ದ ತಾಯಿ "ಈಗ ಹೋಯ್ತಲ್ಲ ಸಿಸ್ಟರ್" ಅಂತ ನಿರಾಳವಾಗಿ ಮನೆಗೆ ಹೊರಡುತ್ತಾಳೆ. ಅವಳ ತಾಯಿ ಕಾರ್ಡಿನಲ್ಲಿ ಆರು ವಾರದ ಶುಗರ್ ಪರೀಕ್ಷೆಯ ತಾರೀಕು ಬರೆದು, ಮಗುವಿನ ಆರು ವಾರದ ಚುಚ್ಚುಮದ್ದಿಗೆ ಬರುವಾಗಲೇ ಖಾಲಿ ಹೊಟ್ಟೆಯಲ್ಲಿ ಬಾ ಅಂತ ಹೇಳಿ ಕಳಿಸಬೇಕಾದದ್ದು ಡಿಸ್ಚಾರ್ಜ್ ಮಾಡುವ ಸಿಸ್ಟರ್.